ಚಾರ್ಲಿ ಮಾರಿಯಾನೊ: ಗುರುಪೀಠದಿಂದ ಶಿಷ್ಯಭಾವಕ್ಕೆ

ವಿದ್ಯೆಯನ್ನು ಸಂಪಾದಿಸಿ ಕೀರ್ತಿವಂತರಾದವರು ಲೋಕದಲ್ಲಿ ಅನೇಕರುಂಟು. ಸಂಪಾದಿಸಿದ ವಿದ್ಯೆಯನ್ನು ಇತರರಿಗೆ ಧಾರಾಳವಾಗಿ ಕೊಟ್ಟು ಗುರುಗಳೆನಿಸಿಕೊಂಡವರು ಅವರಿಗಿಂತ ಕಡಮೆ. ಗುರುವೆನಿಸಿಕೊಂಡ ಮೇಲೆ, ತಲೆಯಲ್ಲಿ ನರೆ ಇಣಿಕುವ ವಯಸ್ಸಿನಲ್ಲಿ, ಕಲಿತುದನ್ನು ಒತ್ತಟ್ಟಿಗಿಟ್ಟು ಮತ್ತೊಬ್ಬರ ಮುಂದೆ ಕುಳಿತು ಮೊದಲಿನಿಂದ ಪಾಠ ಹೇಳಿಸಿಕೊಂಡವರಾದರೋ ಬಹು ವಿರಳ. ಅಂತಹ ವಿರಳರಲ್ಲೊಬ್ಬರು ಅಮೆರಿಕಾ ದೇಶದ ಸ್ಯಾಕ್ಸಫೋನ್ ವಾದಕರಾದ ಚಾರ್ಲಿ ಮಾರಿಯಾನೊರವರು. ‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬ ಗಾದೆಯ ಎರಡು ಮಾರ್ಗಗಳನ್ನೂ ಹಿಡಿದು ನಡೆದ ಈ ಮಹನೀಯರ ಚರಿತ್ರೆಯು, ಕಡೆಯಲ್ಲಿ ನಮ್ಮ ಬೆಂಗಳೂರಿನ ಒಂದು ತಾಳವಾದ್ಯ ಶಾಲೆಯೊಡನೆ ಹೆಣೆದುಕೊಂಡಿರುವುದರಿಂದ ಕನ್ನಡಿಗರೂ ಅದನ್ನು ತಿಳಿಯುವುದು ಉಚಿತವಾಗಿದೆ.

ಚರಿತ್ರೆಗೆ ಮೊದಲು ಆ ಸಂಗೀತದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಜಾಜ್ ಎಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣಭಾಗದಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೂಪುಗೊಂಡ ಪದ್ಧತಿ. ಗುಲಾಮರಾಗಿ ಆಫ್ರಿಕಾ ಖಂಡದಿಂದ ಒಯ್ಯಲ್ಪಟ್ಟವರ ಸಂತತಿಯವರೇ ಅದರ ಜನಕರು. ಒಂದು ಹಾಡಿನ ಮಟ್ಟನ್ನು ಮೊದಲು ಎಲ್ಲರೂ ಕೂಡಿ ನುಡಿಸುವರು. ಅನಂತರ ಆ ಹಾಡಿನ ಆವರ್ತವನ್ನೇ ಆಧಾರವಾಗಿಟ್ಟುಕೊಂಡು ಒಬ್ಬೊಬ್ಬರಾಗಿ ತಮ್ಮ ಕಲ್ಪನೆಯನ್ನು ಅಲ್ಲಿಯೇ ಹುಟ್ಟಿಸಿ ನುಡಿಸುವರು. ಇದು ನಮ್ಮ ಕಲ್ಪನಾಸ್ವರಕ್ಕೆ ಸಮೀಪದ್ದು. ಆದರೆ ಒಂದು ದೊಡ್ಡ ಭೇದವುಂಟು. ನಮ್ಮಲ್ಲಿ ಆಧಾರಷಡ್ಜವು ಕಚೇರಿಯ ಉದ್ದಕ್ಕೂ ನೆಲದಂತೆ ನಿಶ್ಚಲವಾಗಿರುತ್ತದೆ. ಜಾಜಿನಲ್ಲಿಯಾದರೋ ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳು ಮತ್ತೆ ಮತ್ತೆ ಬದಲಾಗುತ್ತಿರುವುದರಿಂದ ವಾದಕನು ಚಲಿಸುವ ದೋಣಿಯ ಮೇಲೆ ನಿಂತವನಂತೆ ಹೆಜ್ಜೆ ಹೆಜ್ಜೆಗೂ ತನ್ನ ಸಮತೋಲವನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಸ್ಯಾಕ್ಸಫೋನ್ ವಾದ್ಯವನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ. ೧೮೪೬ರಲ್ಲಿ ಪ್ಯಾರಿಸಿನಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಒಡಲು ಹಿತ್ತಾಳೆಯದಾದರೂ ಬಾಯಿಯ ಬಳಿ ಜೊಂಡಿನ ಒಂದು ತೆಳುಪಟ್ಟಿಯು ಅದುರಿ ನಾದ ಹುಟ್ಟುವುದರಿಂದ ಅದನ್ನು ಕೊಳಲಿನ ಜಾತಿಯ ವಾದ್ಯಗಳೊಡನೆ ಎಣಿಸುತ್ತಾರೆ. ನಮ್ಮ ನಾಗಸ್ವರವು ಎರಡು ಪದರದ ಸೀವಾಳಿಯುಳ್ಳದ್ದು. ಅದಕ್ಕೆ ಲೋಹದ ಕೀಲಿಗಳಿಲ್ಲ, ಬೆರಳು ರಂಧ್ರದ ಮೇಲೆಯೇ ಆಡಬೇಕು. ಗಮಕವು ಬೆರಳು, ತುಟಿ, ಉಸಿರುಗಳ ಹದದಿಂದ ಹುಟ್ಟಬೇಕು. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದಿನ ಕಥೆಯ ಮರ್ಮವು ತಿಳಿಯುವುದು.

ಮಾರಿಯಾನೊರವರು ೧೯೨೩ನೆಯ ನವೆಂಬರ್ ೧೨ರಂದು ಬೋಸ್ಟನ್ ಪಟ್ಟಣದಲ್ಲಿ ಜನಿಸಿದರು. ತಂದೆತಾಯಿಗಳು ಇಟಲಿಯಿಂದ ಬಂದು ನೆಲಸಿದವರು; ಮಗನಿಗಿಟ್ಟ ಹೆಸರು ಕಾರ್ಮೈನ್ ಉಗೊ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುವಕನು ಸೈನ್ಯವನ್ನು ಸೇರಿ ಅಲ್ಲಿಯ ವಾದ್ಯಮೇಳದಲ್ಲಿ ನುಡಿಸಿದನು. ಯುದ್ಧಾನಂತರ ಬೋಸ್ಟನ್ನಿಗೆ ಹಿಂದಿರುಗಿ, ೧೯೪೫ರಲ್ಲಿ ಲಾರೆನ್ಸ್ ಬರ್ಕ್ ಎಂಬವರು ಸ್ಥಾಪಿಸಿದ್ದ ಷಿಲ್ಲಿಂಗರ್ ಹೌಸ್ ಎಂಬ ಸಂಗೀತಶಾಲೆಯಲ್ಲಿ ವ್ಯಾಸಂಗಮಾಡಿದನು. ಈ ಶಾಲೆಯೇ ಮುಂದೆ ಬರ್ಕ್ಲಿ ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು.

ಆಗಿನ ತರುಣ ವಾದಕರೆಲ್ಲರನ್ನೂ ಒಬ್ಬ ಮಹಾಪುರುಷನ ನೆರಳು ಕವಿದಿದ್ದಿತು. ಅವರು ಚಾರ್ಲಿ ಪಾರ್ಕರ್. ಆಲ್ಟೊ ಸ್ಯಾಕ್ಸಫೋನಿನಲ್ಲಿ ಅವರು ತೋರಿದ ವೇಗ, ವಕ್ರಗತಿ, ಸ್ವರಜ್ಞಾನಗಳನ್ನು ಕೇಳಿದವನಿಗೆ ಬೇರೆ ವಿಧವಾಗಿ ನುಡಿಸುವುದೇ ದುಸ್ಸಾಧ್ಯವೆನಿಸುತ್ತಿದ್ದಿತು. ಮಾರಿಯಾನೊರವರೂ ಪಾರ್ಕರರ ಮಾರ್ಗವನ್ನೇ ಹಿಡಿದರು. ದೊಡ್ಡ ಕವಿಯೊಬ್ಬನು ಆಗಿಹೋದ ಮೇಲೆ ಅವನ ಹಿಂದೆ ಬಂದವರು ಅವನ ಪದಗಳಲ್ಲಿಯೇ ಮಾತನಾಡತೊಡಗುವುದು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಆ ನೆರಳಿನಿಂದ ಹೊರಬರುವುದು ಹೇಗೆಂಬ ಚಿಂತೆಯೇ ಮಾರಿಯಾನೊರವರ ಬಾಳಿನ ಪೂರ್ವಾರ್ಧದ ಚಿಂತೆಯೆಂದರೆ ತಪ್ಪಾಗದು.

೧೯೫೦ರ ಸುಮಾರಿನಲ್ಲಿ ತಮ್ಮ ಹೆಸರಿನ ಮೊದಲ ಧ್ವನಿಮುದ್ರಿಕೆಗಳನ್ನು ಅವರು ಬೋಸ್ಟನ್ನಿನಲ್ಲಿಯೇ ಹೊರತಂದರು. ೧೯೫೩ರಲ್ಲಿ ತುತ್ತೂರಿವಾದಕ ಹರ್ಬ್ ಪೊಮರಾಯ್ ಮೊದಲಾದ ಸ್ನೇಹಿತರೊಡಗೂಡಿ ಅದೇ ಊರಿನಲ್ಲಿ ‘ಜಾಜ್ ವರ್ಕ್‌ಷಾಪ್’ ಎಂಬ ಪಾಠಸ್ಥಾನವನ್ನು ತೆರೆದರು. ಬರಿಯ ಪುಸ್ತಕದಿಂದಲ್ಲದೆ ನುರಿತವರ ಪಕ್ಕದಲ್ಲಿ ನಿಂತು ನುಡಿಸುತ್ತ ವಿದ್ಯಾರ್ಥಿಯು ಕಲಿಯಬೇಕೆಂಬುದು ಅಲ್ಲಿಯ ಕ್ರಮ. ನಮ್ಮ ಗುರುಕುಲದ ಪದ್ಧತಿಯೂ ಇದೇ ಅಲ್ಲವೆ? ಅದೇ ವರ್ಷ ಸ್ಟ್ಯಾನ್ ಕೆಂಟನ್‌ರವರ ಮಹಾವಾದ್ಯಮೇಳಕ್ಕೆ ಅವರಿಗೆ ಕರೆ ಬಂದಿತು. ೧೯೫೫ರಲ್ಲಿ ಆ ಮೇಳವು ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’ ಎಂಬ ಹಾಡನ್ನು ಬಿಲ್ ಹೋಲ್ಮನ್‌ರವರ ಸಂಯೋಜನೆಯಲ್ಲಿ ಮುದ್ರಿಸಿದಾಗ ಅದರಲ್ಲಿ ಮಾರಿಯಾನೊರವರು ನುಡಿಸಿದ ಭಾಗವು ರಸಿಕರ ಪ್ರಶಂಸೆಗೆ ಪಾತ್ರವಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ಪಾರ್ಕರರು ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡಿದ್ದರು. ಶಿಷ್ಯಪ್ರಾಯರಾದವರು ಸ್ವಂತ ಧ್ವನಿಯಿಂದ ನುಡಿಯಬೇಕಾದ ಕಾಲವು ಹೀಗೆ ಒದಗಿತು.

ಕೆಲವು ವರ್ಷ ಲಾಸ್ ಏಂಜಲೀಸಿನಲ್ಲಿ ತಾಳವಾದ್ಯಗಾರ ಷೆಲ್ಲಿ ಮ್ಯಾನ್‌ರವರ ಕೂಟದಲ್ಲಿದ್ದು, ೧೯೫೯ರಲ್ಲಿ ಅವರು ಜಪಾನಿನ ಪಿಯಾನೋ ವಿದುಷಿಯಾದ ತೋಷಿಕೊ ಅಕಿಯೋಷಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಸೇರಿ ನಾಲ್ವರ ಕೂಟವೊಂದನ್ನು ಕಟ್ಟಿ ಅಮೆರಿಕಾದಲ್ಲಿಯೂ ಜಪಾನಿನಲ್ಲಿಯೂ ನುಡಿಸಿದರು. ಪೂರ್ವದೇಶಗಳ ಗಾಳಿಯು ಮಾರಿಯಾನೊರವರಿಗೆ ಮೊದಲು ಸೋಂಕಿದುದು ಈ ಸಂಬಂಧದಿಂದಲೇ. ವಿವಾಹವು ೧೯೬೭ರಲ್ಲಿ ಮುರಿದುಹೋಯಿತು.

ಆ ನಡುವೆ ೧೯೬೩ನೆಯ ಜನವರಿ ೨೦ರಂದು ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಮಿಂಗಸ್‌ರವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ದೀರ್ಘಕೃತಿಯ ಮುದ್ರಣವು ನಡೆಯಿತು. ನೃತ್ಯಕ್ಕೆಂದು ಭಾವಿಸಿ ರಚಿಸಿದ ಈ ಕೃತಿಯನ್ನು ಹನ್ನೊಂದು ಮಂದಿ ನುಡಿಸಿದರು. ಮೇಳವನ್ನು ಮುದ್ರಿಸಿದ ಬಳಿಕ, ಅದೇ ನಾದಪಟ್ಟಿಯ ಮೇಲೆ ಮಾರಿಯಾನೊರವರ ಆಲ್ಟೊವನ್ನು ಮತ್ತೆ ಬೇರೆಯಾಗಿ ಸೇರಿಸಲಾಯಿತು. ಅಳುವಿನ ಅಂಚಿನಲ್ಲಿ ನಿಂತು ನುಡಿಯುವಂತಹ ಆ ಧ್ವನಿಯನ್ನು ಕೇಳಿದವರು ಅದನ್ನು ಪಾರ್ಕರರ ಅನುಕರಣವೆಂದು ಹೇಳಲಾರರು. ಸ್ವರಗಳ ಸಂಖ್ಯೆಯು ಕಡಮೆಯಾಗಿ, ಒಂದೊಂದು ಸ್ವರವನ್ನೂ ಎಳೆದು, ಬಾಗಿಸಿ, ಅದರ ಒಡಲನ್ನು ತೋರಿಸುವ ಬಯಕೆಯು ಅಲ್ಲಿ ಎದ್ದು ಕಾಣುತ್ತದೆ. ಗಮಕವನ್ನರಿಯದೆಯೇ ಗಮಕದ ಬಾಗಿಲಿಗೆ ಬಂದು ನಿಂತಿದ್ದ ಮನುಷ್ಯನ ನುಡಿ ಅದು.

೧೯೬೫ರಿಂದ ೧೯೭೧ರವರೆಗೆ ಅವರು ತಾವು ಓದಿದ ಬರ್ಕ್ಲಿ ಶಾಲೆಯಲ್ಲಿಯೇ ಅಧ್ಯಾಪಕರಾಗಿದ್ದರು. ಕೀರ್ತಿ, ಶಿಷ್ಯವರ್ಗ, ನಿಶ್ಚಿತವಾದ ವೃತ್ತಿ ಎಲ್ಲವೂ ಇದ್ದವು. ಸಾಮಾನ್ಯನಾದವನು ಇಲ್ಲಿಗೆ ತೃಪ್ತನಾಗುತ್ತಿದ್ದನು. ಆದರೆ ಆ ದಶಕದ ಉತ್ತರಾರ್ಧದಲ್ಲಿ ಮಲೇಷಿಯಾ ದೇಶದ ಆಕಾಶವಾಣಿಯ ವಾದ್ಯಮೇಳಕ್ಕೆ ಶಿಕ್ಷಣ ಕೊಡುವುದಕ್ಕಾಗಿ ಅವರು ಕೌಲಾಲಂಪುರಕ್ಕೆ ಹೋಗಬೇಕಾಯಿತು. ಆ ನಾಡಿನಲ್ಲಿ ನೆಲಸಿರುವ ದಕ್ಷಿಣ ಭಾರತೀಯರ ದೇವಾಲಯಗಳಲ್ಲಿ ನಾಗಸ್ವರವು ಮೊಳಗುತ್ತದೆ. ಕಲಿಸಲು ಹೋದವರು ಅಲ್ಲಿ ಆ ನಾದಕ್ಕೆ ಮಾರುಹೋದರು. ಆ ವಾದ್ಯವನ್ನು ಕಲಿಯತೊಡಗಿದರು. ಮುಂದೆ ದಕ್ಷಿಣ ಭಾರತಕ್ಕೇ ಬಂದು ಗುರುಮುಖದಿಂದ ಅಭ್ಯಾಸವನ್ನು ಮುಂದುವರಿಸಿದರು.

ಇದು ಎಷ್ಟು ಕಷ್ಟದ ಕಾರ್ಯವೆಂಬುದನ್ನು ಯೋಚಿಸಬೇಕು. ವಯಸ್ಸು ನಾಲ್ವತ್ತು ದಾಟಿದ್ದಿತು. ತುಟಿಗೆ ಇಪ್ಪತ್ತು ವರ್ಷಗಳಿಂದ ಒಂದೇ ಪದರದ ಪಟ್ಟಿಯ ರೂಢಿ. ಬೆರಳಿಗೆ ಕೀಲಿಯ ರೂಢಿ. ಕಿವಿಗೆ ಬದಲಾಗುವ ಸ್ವರಗುಚ್ಛಗಳ ರೂಢಿ. ಈಗ ಒಂದೇ ಷಡ್ಜದ ಮೇಲೆ ನಿಂತು, ಸರಳೆವರಸೆಯ ಬಾಲಕನಂತೆ, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ದಾರಿಯನ್ನು ಹೊಸದಾಗಿ ಕಲಿಯಬೇಕು. ಬರೆದ ಅಕ್ಷರವನ್ನು ಅಳಿಸಿ ಬರೆಯುವುದು ಖಾಲಿ ಹಲಗೆಯ ಮೇಲೆ ಬರೆಯುವುದಕ್ಕಿಂತ ಕಷ್ಟವೆಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು.

೧೯೭೧ರಲ್ಲಿ ಅವರು ಅಧ್ಯಾಪಕವೃತ್ತಿಯನ್ನು ತೊರೆದು ಯೂರೋಪಿಗೆ ಹೋದರು. ತಾಯ್ನಾಡಿನ ಜಾಜ್ ಪ್ರಪಂಚದ ನಡುಮನೆಯಿಂದ ಹೀಗೆ ದೂರ ಸರಿದುದು ಸಣ್ಣ ತ್ಯಾಗವಲ್ಲ. ಅಲ್ಲಿ ‘ಎಂಬ್ರಿಯೊ’ ಎಂಬ ಜರ್ಮನ್ ತರುಣರ ಕೂಟ, ಜಾಸ್ಪರ್ ಫಾನ್ಟ್ ಹಾಫ್ ಮತ್ತು ಫಿಲಿಪ್ ಕ್ಯಾಥರಿನ್‌ರೊಡನೆ ‘ಪೋರ್ಕ್ ಪೈ’, ಎಬರ್‌ಹಾರ್ಡ್ ವೇಬರ್‌ರವರ ಕೂಟ, ಹೀಗೆ ತಮಗಿಂತ ಕಿರಿಯರಾದವರ ಜೊತೆಯಲ್ಲಿ ನುಡಿಸಿದರು. ವೇಬರ್‌ರವರ ‘ಯೆಲ್ಲೊ ಫೀಲ್ಡ್ಸ್’ ಎಂಬ ೧೯೭೫ರ ಮುದ್ರಿಕೆಯಲ್ಲಿ ಸೊಪ್ರಾನೊ ಸ್ಯಾಕ್ಸಫೋನಿನ ಜೊತೆಗೆ ಶಹನಾಯಿಯನ್ನೂ ನಾಗಸ್ವರವನ್ನೂ ಅವರೇ ಊದಿದ್ದಾರೆ. ದೇವರ ಉತ್ಸವಕ್ಕೆ ಮುಂದಾಗಿ ನಡೆಯುವ ವಾದ್ಯವು ಜರ್ಮನಿಯ ಮುದ್ರಣಾಲಯದಲ್ಲಿ ಧ್ವನಿಗೈದುದು ಹೀಗೆ.

ಆದರೆ ಈ ಅಭ್ಯಾಸವು ನಿಜವಾಗಿ ಪರೀಕ್ಷೆಗೊಳಗಾದುದು ೧೯೮೩ರಲ್ಲಿ. ಮೃದಂಗವಿದ್ವಾಂಸರಾದ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದ್ದರು. ಅವರ ಪತ್ನಿ ಆರ್. ಎ. ರಾಮಮಣಿಯವರು ಗಾಯಕಿಯರು, ಲಯದಲ್ಲಿಯೂ ನಿಷ್ಣಾತರು. ಈ ದಂಪತಿಗಳು, ಘಟ ಮತ್ತು ಮೋರ್ಸಿಂಗ್ ನುಡಿಸುವ ಆರ್. ಎ. ರಾಜಗೋಪಾಲ್‌ರವರು, ಖಂಜಿರದ ಟಿ. ಎನ್. ಶಶಿಕುಮಾರ್‌ರವರು ಇವರೊಡನೆ ಮಾರಿಯಾನೊರವರು ಆ ವರ್ಷ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗಿನಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಸಿದ್ಧಪಡಿಸಿದರು. ರಚನೆಗಳು ರಾಮಮಣಿಯವರವು: ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಮೊದಲಾದವು. ಅಲ್ಲಿ ಪಿಯಾನೋ ಇಲ್ಲ, ಸ್ವರಗುಚ್ಛಗಳ ಆಸರೆಯಿಲ್ಲ. ತಂಬೂರಿಯ ಶ್ರುತಿ, ಕಂಠ, ಕೊನ್ನಕ್ಕೋಲಿನ ಜತಿಗಳು, ಚರ್ಮವಾದ್ಯಗಳ ಲೆಕ್ಕಾಚಾರ ಇಷ್ಟೇ. ಅರುವತ್ತರ ಸಮೀಪದಲ್ಲಿದ್ದ ಆ ವಾದಕರು ಕಂಠದ ಬೆನ್ನಹಿಂದೆ ನಡೆಯುತ್ತಾರೆ. ಅವಕಾಶ ಬಂದಾಗ ಮುಂದೆ ಬರುತ್ತಾರೆ. ಮುಗಿದೊಡನೆ ಹಿಂದೆ ಸರಿಯುತ್ತಾರೆ. ಮುಖಪತ್ರದ ಮೇಲೆ ಅವರ ಹೆಸರು ಮೊದಲಿರಬಹುದು, ಸಂಗೀತದ ಒಳಗೆ ಅವರು ಐವರಲ್ಲಿ ಒಬ್ಬರು. ಈ ಸ್ನೇಹವು ಆ ಒಂದು ಮುದ್ರಿಕೆಗೆ ಮುಗಿಯದೆ ಮುಂದೆಯೂ ಬೆಳೆಯಿತು. ೧೯೯೦ರ ದಶಕದ ಕೊನೆಯಲ್ಲಿ ಹೊರಬಂದ ಅವರ ಒಂದು ಮುದ್ರಿಕೆಗೆ ‘ಬ್ಯಾಂಗಲೋರ್’ ಎಂದೇ ಹೆಸರು.

ಇಂತಹ ಸಮ್ಮೇಳನವನ್ನು ಕುರಿತು ಒಂದು ಆಕ್ಷೇಪವುಂಟು, ಅದನ್ನು ತಳ್ಳಿಹಾಕಲಾಗದು. ಎರಡು ಸಂಪ್ರದಾಯಗಳನ್ನು ಬೆರಸಿದರೆ ಎರಡರ ಶುದ್ಧಿಯೂ ಕೆಡುತ್ತದೆ, ರಾಗವು ಅಲಂಕಾರಸಾಮಗ್ರಿಯಾಗುತ್ತದೆ, ಪರದೇಶದವರು ನಾಲ್ಕು ದಿನ ಕಲಿತು ನಲವತ್ತು ದಿನ ಪ್ರದರ್ಶಿಸುತ್ತಾರೆ ಎಂಬುದೇ ಆ ಆಕ್ಷೇಪ. ಹಲವರ ವಿಷಯದಲ್ಲಿ ಇದು ನಿಜವೂ ಹೌದು. ಮಾರಿಯಾನೊರವರು ಸಹ ಹುಟ್ಟಿನಿಂದ ಕಲಿತ ನಾಗಸ್ವರ ವಿದ್ವಾಂಸರಿಗೆ ಸಮನಾಗಲಿಲ್ಲ. ಅವರ ತಾಯ್ನುಡಿಯು ಕಡೆಯವರೆಗೂ ಜಾಜೇ ಆಗಿದ್ದಿತು. ಆದರೆ ಬೆರಸುವುದು ಬೇರೆ, ಕಲಿಯುವುದು ಬೇರೆ. ಬೆರಸುವವನು ತನ್ನಲ್ಲಿರುವುದರ ಮೇಲೆ ಪರರದನ್ನು ಲೇಪಿಸಿಕೊಳ್ಳುತ್ತಾನೆ. ಕಲಿಯುವವನಾದರೋ ತಾನೇ ಮಾರ್ಪಡುತ್ತಾನೆ. ನಾಗಸ್ವರವನ್ನು ಅಭ್ಯಸಿಸಿದ ಮೇಲಿನ ಅವರ ಸ್ಯಾಕ್ಸಫೋನನ್ನು ಕೇಳಿದರೆ ಮಾರ್ಪಟ್ಟುದು ಸ್ಪಷ್ಟವಾಗುತ್ತದೆ. ಅರಬ್ಬೀ ಪದ್ಧತಿಯ ಊದ್ ವಾದಕ ರಬೀ ಅಬೂ ಖಲೀಲ್‌ರವರೊಡನೆ ೧೯೯೨ರ ‘ಬ್ಲೂ ಕ್ಯಾಮೆಲ್’ ಮುದ್ರಿಕೆಯಲ್ಲಿ ನುಡಿಸುವಾಗಲೂ ಸ್ವರವನ್ನು ಸ್ವರದೊಳಗಿಂದ ಹುಟ್ಟಿಸುವ ಆ ಕ್ರಮವು ಉಳಿದಿದೆ. ಪಾರ್ಕರರ ನೆರಳಿನಿಂದ ಹೊರಗೆ ಬರುವ ದಾರಿಯು ಅವರಿಗೆ ದೊರೆತುದು ಮತ್ತಷ್ಟು ವೇಗದಲ್ಲಲ್ಲ, ಈ ವಿನಯದಲ್ಲಿ.

ಕನ್ನಡಿಗರಿಗೆ ಇಲ್ಲಿ ಕದ್ರಿ ಗೋಪಾಲನಾಥರ (೧೯೪೯–೨೦೧೯) ನೆನಪಾಗದಿರದು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಅವರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನನ್ನು ಕೇಳಿ ಮೋಹಗೊಂಡು, ಆ ಪರದೇಶದ ವಾದ್ಯಕ್ಕೆ ಕರ್ನಾಟಕ ಸಂಗೀತದ ಗಮಕವನ್ನು ಕಲಿಸಿದರು. ಒಬ್ಬರು ನಾಗಸ್ವರದ ಮನೆಯಿಂದ ಹೊರಟು ಸ್ಯಾಕ್ಸಫೋನಿಗೆ ಬಂದರು; ಮತ್ತೊಬ್ಬರು ಸ್ಯಾಕ್ಸಫೋನಿನ ಮನೆಯಿಂದ ಹೊರಟು ನಾಗಸ್ವರಕ್ಕೆ ಬಂದರು. ಒಂದೇ ಹೊಳೆಯ ಎರಡು ದಡಗಳಿಂದ ಇಳಿದ ಈಜುಗಾರರಂತೆ ಇಬ್ಬರೂ ಎದುರುಬದಿರಾಗಿ ಸಾಗಿದವರು.

ಮಾರಿಯಾನೊರವರು ಕಡೆಗಾಲವನ್ನು ಜರ್ಮನಿಯ ಕಲೋನ್ ನಗರದಲ್ಲಿ ಕಳೆದರು. ಅರ್ಬುದ ರೋಗವು ದೇಹವನ್ನು ಹಿಡಿದಿದ್ದರೂ ವಾದ್ಯವನ್ನು ಬಿಡಲಿಲ್ಲ. ೨೦೦೮ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತಮ್ಮ ಹಳೆಯ ಸಂಗಾತಿಗಳಾದ ಫಾನ್ಟ್ ಹಾಫ್ ಮತ್ತು ಕ್ಯಾಥರಿನ್‌ರವರೊಡನೆ ಸಭೆಯ ಮುಂದೆ ನುಡಿಸಿದರು. ಅದು ಮುದ್ರಿಕೆಯಾಗಿ ಉಳಿದಿದೆ. ೨೦೦೯ನೆಯ ಜೂನ್ ೧೬ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು.

ಅರುವತ್ತು ವರ್ಷಗಳ ಮುದ್ರಿಕೆಗಳನ್ನು ಕ್ರಮವಾಗಿ ಕೇಳುವವನಿಗೆ ಅವುಗಳಲ್ಲಿ ಒಂದು ವಿಶೇಷವು ತೋರುತ್ತದೆ. ಮೊದಲಿನವುಗಳಲ್ಲಿ ಬಲ್ಲವನೊಬ್ಬನು ತಾನು ಬಲ್ಲುದನ್ನು ಹೇಳುತ್ತಿದ್ದಾನೆ. ಕಡೆಯವುಗಳಲ್ಲಿ ಅವನು ಕೇಳಿಸಿಕೊಳ್ಳುತ್ತಿದ್ದಾನೆ. ಕೇಳಿಸಿಕೊಂಡು, ಆಮೇಲೆ ಒಂದು ಮಾತನ್ನು ಆಡುತ್ತಿದ್ದಾನೆ. ಗುರುವಾದವನು ಕಲಿಯುವುದನ್ನು ನಿಲ್ಲಿಸಿದ ದಿನವೇ ಅವನ ಪಾಠವೂ ಹಳಸತೊಡಗುತ್ತದೆ. ಆ ದಿನವನ್ನು ತಮ್ಮ ಬಾಳಿನಲ್ಲಿ ಬರಗೊಡಿಸದಿದ್ದುದೇ ಮಾರಿಯಾನೊರವರು ತಮ್ಮ ಶಿಷ್ಯರಿಗೆ ಕಲಿಸಿಹೋದ ದೊಡ್ಡ ಪಾಠ.