ಊರಿನ ಹೆಸರು ಉಕ್ಕಿತು, ಉದ್ರಿ ಲೆಕ್ಕ ಕೆಟ್ಟಿತು (ಭಾಗ 3)

ಸಿಂಧನೂರು ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಾಲುವೆ ನೀರು ಬಿಟ್ಟು ಲಕ್ಷ್ಯ ಇಡದಿದ್ರೆ ಬದು ದಾಟಿ ಪಕ್ಕದವರ ಗದ್ದೆಗೆ ನುಗ್ತದ. ಸಿ ಭಾಷೆಯಲ್ಲಿ ಇದೇ ಬಫರ್ ಓವರ್‌ಫ್ಲೋ.

ನನಗಾದದ್ದು ಕೇಳ್ರಿ. ಮಾಮನ ಅಂಗಡಿಯ ಉದ್ರಿ ಲೆಕ್ಕಕ್ಕೆ ಸಣ್ಣ ಪ್ರೋಗ್ರಾಂ ಬರೆದೆ. ಗಿರಾಕಿಯ ಊರಿಗೆ 20 ಬೈಟ್ ಜಾಗ, ಅದಕ್ಕೆ ಹತ್ತಿ 4 ಬೈಟಿನ ಬಾಕಿ. 'ಮಸ್ಕಿ' ಅಂತ ಹೊಡೆದು ಪರೀಕ್ಷೆ ಮಾಡಿದೆ, ಸರಿ ಬಂತು. ಆಮೇಲೆ ಬಾಕಿ 500 ಕೊಟ್ಟು, ಊರು 'ಸಿಂಧನೂರು' ಅಂತ ಹೊಡೆದೆ. ಬಾಕಿ ಮೈನಸ್ 211 ಕೋಟಿ ದಾಟಿತ್ತು! "ಇದೇನೋ ನಿನ್ನ ಬಿಕಾಂ ಲೆಕ್ಕ?" ಅಂದ ಮಾಮ.

ಕಾರಣ ಇಷ್ಟೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಚಿಹ್ನೆ, ಸೊನ್ನೆ, ಒತ್ತಿನ ಕೊಂಡಿ ಎಲ್ಲವೂ ಬೇರೆ ಬೇರೆ ಲೆಕ್ಕ. ಮಸ್ಕಿ 15 ಬೈಟ್. ಸಿಂಧನೂರು ಕಣ್ಣಿಗೆ ನಾಲ್ಕೇ ಅಕ್ಷರ, ಒಳಗೆ 24 ಬೈಟ್. ಲಿಂಗಸುಗೂರು 30! ಕೊನೆಗೆ ಮುಕ್ತಾಯದ ಬೈಟ್ ಇನ್ನೊಂದು. ಸಿಂಧನೂರಿನ ಕೊನೆಯ 'ರು' ಹೋಗಿ ಬಾಕಿ ಮೇಲೆ ಕುಂತಿತ್ತು.

ಈ ತಪ್ಪು ಹಳೇದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದರು. ಅದರ 'ಗೆಟ್ಸ್' ಅನ್ನೋ ಫಂಕ್ಷನ್ ಎಲ್ಲಿ ಬರೀಬೇಕು ಅಂತ ಕೇಳ್ತಿತ್ತು, ಎಷ್ಟು ಜಾಗ ಅದ ಅಂತ ಕೇಳ್ತಿರಲಿಲ್ಲ. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ವರ್ಮ್ ಇದೇ ಬಾಗಿಲನ್ನೂ ಬಳಸಿತು. 'ಫಿಂಗರ್' ಸೇವೆಯ 512 ಬೈಟ್ ಜಾಗಕ್ಕೆ 536 ಬೈಟ್ ಸುರಿಯಿತು. ಉಕ್ಕಿದ್ದು ಬರೀ ಕಸ ಅಲ್ಲ. ಮುಂದೆ ಯಾವ ಆಜ್ಞೆ ನಡೀಬೇಕು ಅನ್ನೋ ವಿಳಾಸವನ್ನೇ ಅದು ಬದಲಿಸಿತು. ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳಿಗೆ ಸೋಂಕು ತಗುಲಿತು. ಮೋರಿಸ್‌ಗೆ ಆಗ 22 ವರ್ಷ, ನಮಗಿಂತ ಎರಡೇ ವರ್ಷ ದೊಡ್ಡವ.

ಇಷ್ಟಾದ್ರೂ ಗೆಟ್ಸ್ ಅನ್ನು ಸಿ ಮಾನಕದಿಂದ ಪೂರ್ತಿ ತೆಗೆದದ್ದು 2011ರಲ್ಲಿ. ನಾನು ಬಳಸಿದ್ದು ಸ್ಕ್ಯಾನ್‌ಎಫ್‌ನ ಬರೀ 'ಪರ್ಸೆಂಟ್ ಎಸ್'. ಅಳತೆ ಹೇಳದಿದ್ರೆ ಅದೂ ಗೆಟ್ಸ್‌ನ ತಮ್ಮನೇ.

ಪರಿಹಾರ 'ಎಫ್‌ಗೆಟ್ಸ್'. ಎಲ್ಲಿಗೆ, ಎಷ್ಟು, ಎಲ್ಲಿಂದ ಅಂತ ಮೂರೂ ಹೇಳ್ರಿ. 64 ಅಂದ್ರೆ 63 ಬೈಟ್ ಓದಿ ಒಂದನ್ನ ಮುಕ್ತಾಯಕ್ಕೆ ಉಳಿಸ್ತದ. ಮೂರು ಮಾತು ನೆನಪಿರಲಿ:
1. ಎಂಟರ್ ಒತ್ತಿದ ಗುರುತೂ ಒಳಗೆ ಬರ್ತದ, ತೆಗೀರಿ.
2. ಆ ಗುರುತು ಕಾಣದಿದ್ರೆ ಸಾಲು ಉದ್ದ ಆಗ್ಯದ. ಉಳಿದದ್ದನ್ನ ಓದಿ ಚೆಲ್ಲಿ ಮತ್ತೆ ಕೇಳ್ರಿ.
3. ಜಾಗವನ್ನ ಅಕ್ಷರದ ಲೆಕ್ಕದಲ್ಲಿ ಅಲ್ಲ, ಬೈಟ್ ಲೆಕ್ಕದಲ್ಲಿ ಕೊಡ್ರಿ.

ಪ್ರೋಗ್ರಾಂ ನಿಂತು ಹೋದ್ರೆ ತಪ್ಪು ಕಾಣ್ತದ. 211 ಕೋಟಿ ಬಂದದ್ದಕ್ಕೆ ನಾನೂ ಬಚಾವ್. 500 ಇದ್ದದ್ದು 560 ಆಗಿದ್ರೆ? ಯಾವ ಗಿರಾಕಿ ಹೆಚ್ಚಿಗೆ ಕಟ್ಟಿ ಹೋಗ್ತಿದ್ನೋ!

ನಿಮ್ಮ ಊರಿನ ಹೆಸರು ಎಷ್ಟು ಬೈಟ್? ಎಣಿಸಿ ಕಾಮೆಂಟ್ ಹಾಕ್ರಿ 👇

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಕನ್ನಡದಲ್ಲಿಕೋಡಿಂಗ್