ಟ್ರ್ಯಾಕ್ಟರಿಗೆ ಎಣ್ಣೆಯ ಆಯ್ಕೆ: ಕೆಸರುಗದ್ದೆಯ ಸೀಮೆಯಿಂದ ಒಂದು ಸಮೀಕ್ಷೆ

ನಮ್ಮದು ಬಿಸಿಲಿನ ಸೀಮೆಯಾದ್ದರಿಂದ ಎಣ್ಣೆ ಮಂದವಾದಷ್ಟೂ ಇಂಜಿನ್ನಿಗೆ ಕ್ಷೇಮವೆಂಬ ಮಾತು ಮದ್ದೂರು, ಮಳವಳ್ಳಿಗಳ ಬಿಡಿಭಾಗದ ಅಂಗಡಿಗಳಲ್ಲಿ ಈಚೆಗೆ ಸಿದ್ಧಾಂತದ ಸ್ಥಾನವನ್ನೇ ಪಡೆದಿದೆ. ಟ್ರ್ಯಾಕ್ಟರು ರಿಪೇರಿಯಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಈ ಮಾತಿನ ಫಲ ಬಿಚ್ಚಿಟ್ಟ ಬೇರಿಂಗುಗಳಲ್ಲಿ ಕಾಣಸಿಗುತ್ತದೆ. ಆದಕಾರಣ ಈ ವಿದ್ಯೆ ಬೆಳೆದುಬಂದ ಬಗೆಯನ್ನು ನಿರೂಪಿಸುವುದು ಅವಶ್ಯವೆನಿಸಿತು.

ಹುಲ್ಲಿನ ಕರಿ ಬೆರೆಸಿದ ಹರಳೆಣ್ಣೆಯನ್ನು ಗಾಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಬಳಿಯುತ್ತಿದ್ದ ಕಾಲವನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, ಮಂಡ್ಯದ ಬಯಲು ಭತ್ತ-ಕಬ್ಬುಗಳ ನಾಡಾದ ಮೇಲೂ ಬಹುಕಾಲ ಎತ್ತುಗಳೇ ದುಡಿದವು. 1959ರಲ್ಲಿ ಐಷರ್ ಕಂಪನಿ ದೇಶದಲ್ಲೇ ಟ್ರ್ಯಾಕ್ಟರು ತಯಾರಿಸತೊಡಗಿತು. 1967ರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರ್ ಕಂಪನಿ ಹುಟ್ಟಿತು. ಆಗ ಇಂಜಿನ್ನಿಗೆ ಬಳಕೆಯಲ್ಲಿದ್ದುದು ಒಂದೇ ಮಂದತೆಯ, ಅಂದರೆ ಏಕದರ್ಜೆಯ ಎಣ್ಣೆ: 30 ಅಥವಾ 40.

ಬಳಿಕ ಬಂದ 15ಡಬ್ಲ್ಯೂ-40ರಂಥ ಬಹುದರ್ಜೆಯ ಎಣ್ಣೆ, ಬೆಳಗಿನ ಜಾವದಲ್ಲಿ ತೆಳುವಾಗಿದ್ದು ಬೇಗ ಬೇರಿಂಗು ಮುಟ್ಟಿ, ಇಂಜಿನ್ ಕಾದ ಮೇಲೆ 40ರ ಮಂದತೆಯನ್ನೇ ಉಳಿಸಿಕೊಳ್ಳುತ್ತದೆ. ಸವೆತದ ದೊಡ್ಡ ಪಾಲು ನಡೆಯುವುದು ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಎಂಬುದನ್ನು ಮಂದ ಎಣ್ಣೆಯ ಪಕ್ಷಪಾತಿಗಳು ಗಮನಿಸಿದಂತಿಲ್ಲ. ಎಣ್ಣೆ ಬೇಗ ಕಪ್ಪಾದುದರಿಂದ ಕಲಬೆರಕೆಯೆಂದು ದೂರುವುದೂ ತಪ್ಪು. ಮಸಿಯನ್ನು ಲೋಹಕ್ಕಂಟಗೊಡದೆ ತನ್ನಲ್ಲೇ ಹಿಡಿದಿಡುವುದು ಅದರ ಧರ್ಮ. ಡೀಸೆಲ್ಲಿನ ಗಂಧಕದಿಂದ ಹುಟ್ಟುವ ಆಮ್ಲವನ್ನು ಶಮನಗೊಳಿಸುವ ಕ್ಷಾರಗುಣವೂ ಅದಕ್ಕುಂಟು; 2020ರ ಏಪ್ರಿಲಿನಿಂದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗಕ್ಕಿಳಿದಿರುವುದರಿಂದ ಈ ಭಾರ ಈಗ ಹಗುರವಾಗಿದೆ.

ಆದರೆ ನಮ್ಮ ಸೀಮೆಯ ನಿಜವಾದ ಪ್ರಶ್ನೆಯಿರುವುದು ಹಿಂಬದಿಯ ಎಣ್ಣೆಯಲ್ಲಿ. ನನ್ನ ತಲೆಮಾರಿನವರು ಕೆಲಸ ಕಲಿಯುವಾಗ ಗೇರ್‌ಬಾಕ್ಸಿಗೆ 90ರ ಗೇರ್ ಎಣ್ಣೆ ಹೊಯ್ದರೆ ಮುಗಿಯುತ್ತಿತ್ತು. ಎಣ್ಣೆಯಲ್ಲೇ ಮುಳುಗಿರುವ ಬ್ರೇಕು ಬಂದಮೇಲೆ ಗೇರು, ಕ್ರೌನು, ಹೈಡ್ರಾಲಿಕ್ಕು, ಬ್ರೇಕುಗಳು ಎಷ್ಟೋ ಮಾದರಿಗಳಲ್ಲಿ ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತವೆ. ಅದು ಹಲ್ಲುಗಳನ್ನು ಕಾಯಬೇಕು, ಲಿಫ್ಟನ್ನು ಎತ್ತಬೇಕು, ಬ್ರೇಕಿನ ಬಿಲ್ಲೆಗಳಿಗೆ ಬೇಕಾದಷ್ಟೇ ಘರ್ಷಣೆಯನ್ನು ಉಳಿಸಬೇಕು. ಇದಕ್ಕಾಗಿಯೇ ತಯಾರಾದ ಟ್ರಾನ್ಸ್‌ಮಿಷನ್ ಎಣ್ಣೆಯಿರುವಾಗ, ಅಗ್ಗವೆಂದು ಹಳೆಯ 90ನ್ನು ಹೊಯ್ದವರ ಬ್ರೇಕು ಕಿರುಚುತ್ತದೆ, ಲಿಫ್ಟು ತಡವರಿಸುತ್ತದೆ.

ಕೇಜ್ ವೀಲ್ ಎಂಬ ಕಬ್ಬಿಣದ ಪಂಜರಚಕ್ರ ಕಟ್ಟಿ ಆಕ್ಸಲ್ಲಿನ ಮಟ್ಟದ ಕೆಸರಿನಲ್ಲಿ ದಿನವಿಡೀ ತಿರುಗಿದ ಟ್ರ್ಯಾಕ್ಟರಿನ ಈ ಎಣ್ಣೆಯೊಳಕ್ಕೆ, ಸವೆದ ಸೀಲಿನ ಮೂಲಕ ನೀರು ನುಸುಳುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ಮೆಲ್ಲನೆ ಸಡಿಲಿಸಿದರೆ ಮೊದಲು ತಳದ ನೀರು ತೊಟ್ಟಿಕ್ಕಿ, ಬಳಿಕವೇ ಎಣ್ಣೆ ಇಳಿಯುವುದುಂಟು. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಒಂದು ದಿನವೂ ಉಳಿಸಕೂಡದು, ಸೀಲನ್ನೂ ಬದಲಿಸತಕ್ಕದ್ದು.

 

ಕೈಪಿಡಿಗಳು ಇಂಜಿನ್ ಎಣ್ಣೆಗೆ ಸಾಮಾನ್ಯವಾಗಿ 250 ಗಂಟೆ, ಹಿಂಬದಿಯ ಎಣ್ಣೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಅವಧಿಯನ್ನು ವಿಧಿಸುತ್ತವೆ. ಆದರೆ ಮೀಟರಿಗೆ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬು ಎಳೆದ ಗಂಟೆಯೂ, ನಾಟಿಗೆ ಮುನ್ನ ಕೆಸರಿನಲ್ಲಿ ಮುಳುಗಿ ದುಡಿದ ಗಂಟೆಯೂ ಒಂದೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳಿಗೆ ಸಲ್ಲುವ ಶ್ರದ್ಧೆಯ ಒಂದಂಶವಾದರೂ ಈ ಹಿಂಬದಿಯ ಎಣ್ಣೆಗೆ ಸಂದು, ನಾಟಿಯ ಹಂಗಾಮು ಮುಗಿದೊಡನೆ ಹಳ್ಳಿಹಳ್ಳಿಯ ಟ್ರ್ಯಾಕ್ಟರುಗಳಿಂದ ಮಾದರಿ ತೆಗೆದು ನೀರಿನಂಶವನ್ನು ಪರೀಕ್ಷಿಸಿ, ನಾಲಾ ಬಯಲಿಗೆಂದೇ ಬೇರೆ ಅವಧಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಸಹಕಾರ ಸಂಘಗಳ ಗೋಡೆಗೆ ಅಂಟಿಸಬೇಕು.