ಮೆಜೆಸ್ಟಿಕ್ ರಸ್ತೆ ಮತ್ತು ಅಳತೆ ಪುಸ್ತಕ

ಬಾಪೂಜಿ ನಗರದಿಂದ ಮೈಸೂರು ರಸ್ತೆಗೆ ಬಂದು ಬಸ್ ಹತ್ತಿದರೆ ಮೆಜೆಸ್ಟಿಕ್ ದೂರವಲ್ಲ. ಅಲ್ಲಿನ ಕೆಂಪೇಗೌಡ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಪೇಟೆಯ ಜನರಿಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ಅದರ ಮಹತ್ವ ಕುಗ್ಗಿತು. ಅತ್ತ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಊರು ಬೆಳೆದಂತೆ ಬದಲಾಗುವುದು ಸಹಜ. ಆದರೆ ಆ ಬದಲಾವಣೆಗೆ ಸುರಿದ ಜನರ ಹಣ ಎಲ್ಲಿ ಹೋಯಿತು ಎಂದು ಕೇಳುವುದೂ ಇತಿಹಾಸದ ಕೆಲಸವೇ.

ಒಂದು ರಸ್ತೆ ಆಗುವ ಕ್ರಮವನ್ನು ನೋಡಿ. ಮೊದಲು ಅಂದಾಜು ಪಟ್ಟಿ, ಆಮೇಲೆ ಟೆಂಡರ್. ಕೆಲಸ ಮುಗಿದ ಮೇಲೆ ಎಂಜಿನಿಯರು ಉದ್ದ, ಅಗಲ, ದಪ್ಪವನ್ನು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನು ನೋಡಿ ಬಿಲ್ ಪಾವತಿಯಾಗುತ್ತದೆ. ಪುಸ್ತಕದಲ್ಲಿರುವ ರಸ್ತೆ ನೆಲದ ಮೇಲಿಲ್ಲದಿದ್ದರೆ ಅದೇ ಭ್ರಷ್ಟಾಚಾರ.

2011ರಲ್ಲಿ ಇಂಥದೇ ಪ್ರಶ್ನೆ ನಗರವನ್ನು ಕಾಡಿತು. ಗಾಂಧಿನಗರ, ಮಲ್ಲೇಶ್ವರ, ರಾಜರಾಜೇಶ್ವರಿ ನಗರದ ಕಾಮಗಾರಿಗಳಲ್ಲಿ 1,539 ಕೋಟಿ ರೂಪಾಯಿಯ ಅಕ್ರಮ ನಡೆದಿದೆ ಎಂದು ಬಿಬಿಎಂಪಿಯ ತಾಂತ್ರಿಕ ಜಾಗೃತ ಕೋಶವೇ ವರದಿ ಕೊಟ್ಟಿತು. ತನಿಖೆ ಸಿಐಡಿಗೆ ಹೋಯಿತು. ಅದಕ್ಕೆ ಮುಂಚೆ, 2006ರ ನವೆಂಬರಿನಿಂದ 2010ರ ಏಪ್ರಿಲ್‌ವರೆಗೆ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಸದಸ್ಯರಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆಂದಲ್ಲ. ಆದರೆ ವಾರ್ಡಿನ ಜನ ಹೋಗಿ ಲೆಕ್ಕ ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ಕಾವಲಿಗೆ ಸಂಸ್ಥೆಗಳೂ ಬಂದವು. ಲೋಕಾಯುಕ್ತ ಕಾಯ್ದೆ 1984ರದು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿತು; ಲೋಕಾಯುಕ್ತ ಪೊಲೀಸರ ಅಧಿಕಾರ ಅದಕ್ಕೆ ಹೋಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿತು. ಕಾವಲುಗಾರನೂ ಸ್ವತಂತ್ರನಾಗಿರಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಗೂ ಒಂದು ಕೀಲಿ ಕೊಟ್ಟಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಆ ಅಳತೆ ಪುಸ್ತಕದ ಪ್ರತಿಯನ್ನು ಕೇಳಬಹುದು.

ನಮ್ಮದು ಸರ್ಕಾರಿ ಶಾಲೆ. ಇಲ್ಲಿನ ಗೋಡೆ, ಬೆಂಚು, ಆಟದ ಬಯಲು ಎಲ್ಲವೂ ಜನರ ತೆರಿಗೆಯಿಂದ ಬಂದವು. ಅಲ್ಲಿ ಕಳೆದುಹೋದ ಒಂದೊಂದು ರೂಪಾಯಿಯೂ ಇಲ್ಲಿಗೆ ಬರಬಹುದಾಗಿದ್ದ ರೂಪಾಯಿ. ಐವತ್ತು ವರ್ಷ ಈ ಶಾಲೆ ಮಕ್ಕಳಿಗೆ ಉದ್ದ, ಅಗಲ ಅಳೆಯುವುದನ್ನು ಕಲಿಸಿದೆ. ವಿದ್ಯಾರ್ಥಿಗಳೇ, ಆ ಲೆಕ್ಕವನ್ನು ಪರೀಕ್ಷೆಯೊಂದಿಗೆ ಮರೆಯಬೇಡಿ. ನಿಮ್ಮ ಬೀದಿಯನ್ನೂ ಅಳೆದು ನೋಡಿ.